ಅಂಡಮಾನ್‌ಗೆ ಡಿಸೆಂಬರ್ ಪ್ರವಾಸ: ಕೊನೆಯ ದಿನದಿಂದ ಲೆಕ್ಕ ಹಾಕಿ

ಕ್ರಿಸ್‌ಮಸ್ ರಜೆಗೆ ಅಂಡಮಾನ್ ಎಂದು ಮನೆಯಲ್ಲಿ ತೀರ್ಮಾನವಾದ ಕೂಡಲೇ ಎಲ್ಲರೂ ಹುಡುಕುವುದು ಮೊದಲು ವಿಮಾನದ ಟಿಕೆಟ್, ಆಮೇಲೆ ಕಡಲಿಗೆ ಮುಖ ಮಾಡಿದ ರೂಮು. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ವಿಚಾರ ‘ಅಲ್ಲಿಗೆ ಹೋದ ಮೇಲೆ ನೋಡಿದರಾಯಿತು’ ಎಂದು ಹಿಂದಕ್ಕೆ ಸರಿಯುತ್ತದೆ. ಅಂಡಮಾನ್ ಪ್ರವಾಸಗಳು ಹಳಿ ತಪ್ಪುವುದು ಹೆಚ್ಚಾಗಿ ಅಲ್ಲೇ. ಈ ಪ್ರವಾಸದ ನಿಜವಾದ ಯಜಮಾನ ಸಮುದ್ರ. ಅದು ಒಪ್ಪಿದರೆ ಹಡಗು ಹೊರಡುತ್ತದೆ, ಹಡಗು ಹೊರಟರೆ ನಿಮ್ಮ ರೂಮು, ನಿಮ್ಮ ಸ್ಕೂಬಾ, ನಿಮ್ಮ ವಾಪಸ್ ವಿಮಾನ ಎಲ್ಲವೂ ನೆಟ್ಟಗೆ. ಹಾಗಾಗಿ ಹಾಳೆ ಪೆನ್ನು ಹಿಡಿದು ಕೂತಾಗ ಮೊದಲ ದಿನವನ್ನು ಬಿಟ್ಟು ಕೊನೆಯ ದಿನದಿಂದ ಬರೆಯಲು ಶುರುಮಾಡಿ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ

ವಿಮಾನ ನಿಲ್ದಾಣ ಇರುವುದು ದಕ್ಷಿಣ ಅಂಡಮಾನ್‌ನ ಪೋರ್ಟ್ ಬ್ಲೇರ್‌ನಲ್ಲಿ. ಜನ ನೋಡಬೇಕೆನ್ನುವ ತೀರಗಳು ಹೆಚ್ಚಿನವು ಇರುವುದು ಹ್ಯಾವ್‌ಲಾಕ್ ಮತ್ತು ನೀಲ್ ಎಂಬ ಬೇರೆ ದ್ವೀಪಗಳಲ್ಲಿ. ಇವುಗಳ ನಡುವೆ ಸೇತುವೆ ಇಲ್ಲ, ರಾತ್ರಿ ಹಡಗಿಲ್ಲ. ಗಾಳಿ ಜೋರಾಗಿ ಬಂದರು ಇಲಾಖೆಯವರು ಸಂಚಾರ ನಿಲ್ಲಿಸಿದರೆ ಅಂದು ಯಾರೂ ಎಲ್ಲಿಗೂ ಹೋಗುವಂತಿಲ್ಲ. 2016ರ ಡಿಸೆಂಬರ್ ಮೊದಲ ವಾರದಲ್ಲಿ ಇದೇ ಆಯಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೀವ್ರಗೊಂಡು ಹ್ಯಾವ್‌ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡರು. ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಅದೇ ಮುಂದೆ ‘ವರ್ಧಾ’ ಚಂಡಮಾರುತವಾಗಿ ಚೆನ್ನೈಗೆ ಅಪ್ಪಳಿಸಿತು.

ಪ್ರತಿ ವರ್ಷ ಹೀಗಾಗುವುದಿಲ್ಲ. ಆದರೆ ಒಂದು ದಿನ, ಅರ್ಧ ದಿನ ಹಡಗು ರದ್ದಾಗುವುದು ಅಪರೂಪವೇನಲ್ಲ. ಬೆಳಿಗ್ಗೆ ಹ್ಯಾವ್‌ಲಾಕ್‌ನಿಂದ ಹಡಗು ಹತ್ತಿ ಮಧ್ಯಾಹ್ನ ಬೆಂಗಳೂರಿನ ವಿಮಾನ ಹಿಡಿಯುವ ಯೋಜನೆ ಕಾಗದದ ಮೇಲೆ ಚೆಂದ. ಒಂದು ಹಡಗು ತಪ್ಪಿದರೆ ಅಷ್ಟೂ ಜನರ ಟಿಕೆಟ್ ನೀರಿಗೆ ಬಿದ್ದಂತೆ, ಹೊಸ ವರ್ಷದ ಆಸುಪಾಸಿನಲ್ಲಿ ಕೊನೆ ಗಳಿಗೆಯ ಟಿಕೆಟ್ ದರ ನೋಡಿದರೆ ತಲೆ ತಿರುಗುತ್ತದೆ. ಹೊರಡುವ ಹಿಂದಿನ ದಿನವೇ ಪೋರ್ಟ್ ಬ್ಲೇರ್ ಸೇರಿಬಿಡಿ. ಸೆಲ್ಯುಲರ್ ಜೈಲು, ಪಕ್ಕದ ರಾಸ್ ದ್ವೀಪ ಇವನ್ನೆಲ್ಲ ಆ ಕೊನೆಯ ದಿನಕ್ಕೆ ಇಟ್ಟುಕೊಂಡರೆ ‘ಒಂದು ದಿನ ದಂಡವಾಯಿತು’ ಎಂಬ ಮಾತೂ ಬರುವುದಿಲ್ಲ.

ಏಳು ದಿನ, ಆರು ರಾತ್ರಿ ಇದ್ದರೆ ಹಿಂದಿನಿಂದ ಹೀಗೆ ಹೆಣೆಯಬಹುದು: ಕೊನೆಯ ರಾತ್ರಿ ಪೋರ್ಟ್ ಬ್ಲೇರ್, ಅದರ ಹಿಂದೆ ಒಂದೋ ಎರಡೋ ರಾತ್ರಿ ನೀಲ್, ಅದರ ಹಿಂದೆ ಎರಡೋ ಮೂರೋ ರಾತ್ರಿ ಹ್ಯಾವ್‌ಲಾಕ್, ಮೊದಲ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಬೆಳಗಿನ ವಿಮಾನ ಸಿಕ್ಕಿ, ಇಳಿದ ಮೇಲೆ ಕನಿಷ್ಠ ಮೂರು ಗಂಟೆ ಬಿಡುವಿದ್ದರೆ ಅದೇ ದಿನ ಹ್ಯಾವ್‌ಲಾಕ್‌ಗೆ ಹೋಗುವುದುಂಟು. ಪುಟ್ಟ ಮಕ್ಕಳೋ ವಯಸ್ಸಾದ ಅಪ್ಪ ಅಮ್ಮನೋ ಜೊತೆಗಿದ್ದರೆ ಆ ಓಟ ಬೇಡ. ನಡುರಾತ್ರಿ ಎದ್ದು ದೇವನಹಳ್ಳಿಗೆ ಹೋದವರಿಗೆ ಅಂದೇ ಕಡಲ ಓಲಾಟವೂ ಸೇರಿದರೆ ಮೈ ತಡೆಯದು.

ಒಂದು ಸಣ್ಣ ಗೊಂದಲವನ್ನು ಈಗಲೇ ಬಗೆಹರಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ‘ಸ್ವರಾಜ್ ದ್ವೀಪ’ವಾಯಿತು, ನೀಲ್ ‘ಶಹೀದ್ ದ್ವೀಪ’, ರಾಸ್ ‘ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ’. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ‘ಶ್ರೀ ವಿಜಯಪುರಂ’ ಎಂದು ಹೆಸರಿಟ್ಟರು. ಟಿಕೆಟ್‌ನಲ್ಲಿ ಒಂದು, ಹೋಟೆಲ್ ಬುಕ್ಕಿಂಗ್‌ನಲ್ಲಿ ಇನ್ನೊಂದು ಹೆಸರು ಕಂಡರೆ ಗಾಬರಿ ಬೇಡ.

ಯಾವಾಗ ಹೋಗುವುದು?

ಮೈಸೂರು ಭಾಗದವರಿಗೆ ರಜೆ ಎಂದರೆ ದಸರಾ. ಆದರೆ ಅಕ್ಟೋಬರ್ ಅಂಡಮಾನ್‌ಗೆ ಹೇಳಿದ ಕಾಲವಲ್ಲ. ಆ ದ್ವೀಪಗಳಿಗೆ ಎರಡೂ ಮಳೆ ಸುರಿಯುತ್ತದೆ. ನಮ್ಮ ಮುಂಗಾರು ಕೇರಳಕ್ಕೆ ಬರುವ ಮುನ್ನವೇ, ಮೇ ಮೂರನೇ ವಾರದ ಹೊತ್ತಿಗೆ ಅಲ್ಲಿಗೆ ತಲುಪಿರುತ್ತದೆ. ಅದು ಹಿಂದೆ ಸರಿಯುವಷ್ಟರಲ್ಲಿ ಹಿಂಗಾರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಡಿಸೆಂಬರ್ ಆರಂಭದವರೆಗೂ ವಾಯುಭಾರ ಕುಸಿತದ ಭಯ ಇದ್ದೇ ಇರುತ್ತದೆ. ತಿಂಗಳ ಕೊನೆಗೆ ಬಂದಂತೆ ಆಕಾಶ ತಿಳಿಯಾಗುತ್ತದೆ, ಕಡಲು ತಣ್ಣಗಾಗುತ್ತದೆ. ಅಷ್ಟು ಹೊತ್ತಿಗೆ ಇಡೀ ದೇಶ ಅಲ್ಲಿಗೆ ಬಂದಿರುತ್ತದೆ.

ಡಿಸೆಂಬರ್ 20ರಿಂದ ಜನವರಿ 5ರವರೆಗಿನ ದಿನಗಳು ಎಲ್ಲಕ್ಕಿಂತ ದುಬಾರಿ. ಶಾಲೆಯ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನುವವರು ಅದನ್ನು ಒಪ್ಪಿಕೊಂಡು ಮೂರು ನಾಲ್ಕು ತಿಂಗಳ ಮೊದಲೇ ವಿಮಾನ ಕಾಯ್ದಿರಿಸಬೇಕು. ಹೊಸ ವರ್ಷದ ರಾತ್ರಿ ಅಲ್ಲೇ ಇರಬೇಕೆಂಬ ಹಟ ಇಲ್ಲದವರಿಗೆ ನನ್ನ ಸಲಹೆ ಬೇರೆ. ಸಂಕ್ರಾಂತಿ ಕಳೆದ ಮೇಲೆ ಹೋಗಿ. ನೀರು ಇನ್ನೂ ತಿಳಿ, ಹಡಗಿನಲ್ಲಿ ಸೀಟು ಸಲೀಸು. ಮಕ್ಕಳ ಪರೀಕ್ಷೆ ಮುಗಿದ ಏಪ್ರಿಲ್ ಇನ್ನೊಂದು ಒಳ್ಳೆಯ ಕಾಲ. ಬಿಸಿಲು ಚುರುಕು, ಸೆಕೆ ಮಂಗಳೂರಿನದೇ ಸೆಕೆ, ಆದರೆ ಆಗ ಸಮುದ್ರ ಕೆರೆಯ ಹಾಗೆ ಮಲಗಿರುತ್ತದೆ. ಹವಳ ನೋಡಲು ನೀರಿಗಿಳಿಯುವವರಿಗೆ ಇನ್ನೇನು ಬೇಕು?

ಕೇಂದ್ರ ಸರ್ಕಾರಿ ನೌಕರರು ಟಿಕೆಟ್ ತೆಗೆಯುವ ಮೊದಲು ಕಚೇರಿಯಲ್ಲಿ ಎಲ್‌ಟಿಸಿ ವಿಚಾರಿಸಿ. ಅಂಡಮಾನ್‌ಗೆ ವಿಮಾನದಲ್ಲಿ ಹೋಗಲು ವಿಶೇಷ ಸಡಿಲಿಕೆಯ ಆದೇಶ ಆಗಾಗ ವಿಸ್ತರಣೆಯಾಗುತ್ತಾ ಬಂದಿದೆ. ನೀವು ಹೋಗುವ ದಿನಕ್ಕೆ ಅದು ಜಾರಿಯಲ್ಲಿದೆಯೇ, ಟಿಕೆಟನ್ನು ಎಲ್ಲಿಂದ ಕೊಳ್ಳಬೇಕು ಎಂಬುದು ಮುಖ್ಯ. ಮೊದಲು ಟಿಕೆಟ್, ಆಮೇಲೆ ಅರ್ಜಿ ಎಂದರೆ ಬಿಲ್ಲು ಪಾಸಾಗುವುದು ಕಷ್ಟ.

ಹಡಗು, ಆಮೇಲೆ ರೂಮು

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಪ್ರಯಾಣಿಕರ ಹಡಗೂ ಇದೆ. ಮೂರು ದಿನ ಹಿಡಿಯುವ ಆ ಪ್ರಯಾಣ ಅನುಭವಕ್ಕೆ ಸರಿ, ವಾರದ ರಜೆಗಲ್ಲ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ವೇಗದ ಫೆರಿಗಳು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತವೆ. ಮಕ್ರೂಜ್, ನಾಟಿಕಾ, ಗ್ರೀನ್ ಓಶನ್ ಹೀಗೆ ಕೆಲವು ಹೆಸರುಗಳು ಹುಡುಕಿದರೆ ಸಿಗುತ್ತವೆ. ಹೆಚ್ಚಿನವು ಎ.ಸಿ. ಹಾಕಿ ಮುಚ್ಚಿದ ಹಡಗುಗಳು, ಒಳಗೆ ಬಸ್ಸಿನಂತೆ ಸೀಟು. ಒಂದು ಕಡೆಗೆ ಒಬ್ಬರಿಗೆ ಸಾವಿರದಿಂದ ಎರಡು ಸಾವಿರ ರೂಪಾಯಿ ಎಂದು ಲೆಕ್ಕ ಇಟ್ಟುಕೊಳ್ಳಿ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಮತ್ತೆ ಪೋರ್ಟ್ ಬ್ಲೇರ್ ಎಂದರೆ ಮೂರು ಟಿಕೆಟ್. ನಾಲ್ಕು ಜನರ ಸಂಸಾರಕ್ಕೆ ಹನ್ನೆರಡು. ‘ಪ್ಯಾಕೇಜ್ ಅಗ್ಗ’ ಎಂದು ಕಂಡಾಗ ಈ ಹನ್ನೆರಡು ಟಿಕೆಟ್ ಅದರೊಳಗಿದೆಯೇ ಎಂದು ಮೊದಲು ಕೇಳಿ.

ಸರ್ಕಾರಿ ಫೆರಿ ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ, ದರ ತುಂಬಾ ಕಡಿಮೆ. ಮೇಲಿನ ಡೆಕ್‌ಗೆ ಹೋಗಿ ಗಾಳಿಗೆ ನಿಲ್ಲಬಹುದು. ನನಗೆ ಕೇಳಿದರೆ ಅದೇ ಚೆನ್ನ: ತರಕಾರಿ ಬುಟ್ಟಿ, ಸೈಕಲ್ಲು, ಅಕ್ಕಿ ಮೂಟೆಯ ಜೊತೆ ದ್ವೀಪದವರು ಹರಟುತ್ತಾ ಬರುವುದನ್ನು ಖಾಸಗಿ ಹಡಗಿನ ಗಾಜಿನ ಹಿಂದಿನಿಂದ ನೋಡಲಾಗದು. ಆದರೆ ಅದು ಮೂಲತಃ ದ್ವೀಪವಾಸಿಗಳ ಹಡಗು, ಅವರಿಗೆ ಮೊದಲ ಆದ್ಯತೆ. ರಜೆಯ ದಟ್ಟಣೆಯಲ್ಲಿ ಅದನ್ನೇ ನಂಬಿ ಕೂರಬೇಡಿ. ಸರ್ಕಾರಿ ಹಡಗು ಹೊರಡುವುದು ಫೀನಿಕ್ಸ್ ಬೇ ಜೆಟ್ಟಿಯಿಂದ, ಖಾಸಗಿಯವು ಸಾಮಾನ್ಯವಾಗಿ ಹ್ಯಾಡೊ ಧಕ್ಕೆಯಿಂದ. ಆಟೊದವನಿಗೆ ಬರೀ ‘ಜೆಟ್ಟಿ’ ಎಂದು ಹೇಳಿ ಬೇರೆ ಕಡೆ ಇಳಿದವರು ಬೆವರು ಸುರಿಸುತ್ತಾ ಓಡುವುದು ಅಲ್ಲಿ ಮಾಮೂಲು. ಹೊರಡುವ ಒಂದು ಗಂಟೆ ಮೊದಲೇ ಹೋಗಿ. ಪ್ರತಿಯೊಬ್ಬರ ಫೋಟೊ ಇರುವ ಗುರುತಿನ ಚೀಟಿ ಕೈಯಲ್ಲಿರಲಿ, ಮಕ್ಕಳದ್ದೂ ಸೇರಿ.

ವಾಂತಿಯ ಕಾಟ ಇರುವವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಹಡಗು ಹತ್ತುವ ಅರ್ಧ ಮುಕ್ಕಾಲು ಗಂಟೆ ಮೊದಲು ನುಂಗಿ. ಓಲಾಟ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸೀಟು ಆರಿಸುವಾಗ ಕೆಳ ಅಂತಸ್ತಿನ ನಡುಭಾಗ ಕೇಳಿ. ಮುಂದಿನ ಸಾಲಿನ ನೋಟಕ್ಕೆ ಆಸೆಪಟ್ಟವರಿಗೆ ಅಲೆಯ ಪೆಟ್ಟೂ ಮೊದಲು.

ರೂಮು ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ. ಹಡಗು ರದ್ದಾಗಿ ನಾನು ಬರಲಾಗದಿದ್ದರೆ ಹಣ ವಾಪಸ್ಸೋ, ದಿನ ಬದಲಿಸುತ್ತೀರೋ? ಕ್ರಿಸ್‌ಮಸ್, ಹೊಸ ವರ್ಷದ ರಾತ್ರಿ ‘ಗಾಲಾ ಡಿನ್ನರ್’ ಕಡ್ಡಾಯವೇ, ತಲೆಗೆ ಎಷ್ಟು? ರೂಮು ಬಿಡುವ ಸಮಯ ಎಷ್ಟು ಗಂಟೆಗೆ? ಮೂರನೆಯದು ಕ್ಷುಲ್ಲಕ ಅನ್ನಿಸಬಹುದು. ಅಲ್ಲಿನ ಎಷ್ಟೋ ಹೋಟೆಲುಗಳಲ್ಲಿ ಬೆಳಿಗ್ಗೆ ಎಂಟು, ಒಂಬತ್ತಕ್ಕೇ ಬೀಗದ ಕೈ ಕೊಡಬೇಕು. ನಿಮ್ಮ ಹಡಗು ಮಧ್ಯಾಹ್ನಕ್ಕಿದ್ದರೆ ಅಲ್ಲಿಯವರೆಗೆ ಸಾಮಾನು ಇಡಲು, ಉಪ್ಪು ನೀರು ತೊಳೆದುಕೊಳ್ಳಲು ಜಾಗ ಕೊಡುತ್ತಾರೆಯೇ ಎಂದೂ ಕೇಳಿ.

ಒಂದು ಗಂಟೆ ಮುಂದಿರುವ ಸೂರ್ಯ

ಬೆಂಗಳೂರಿಗೂ ಪೋರ್ಟ್ ಬ್ಲೇರ್‌ಗೂ ರೇಖಾಂಶದಲ್ಲಿ ಹದಿನೈದು ಡಿಗ್ರಿ ಅಂತರ. ಗಡಿಯಾರ ಒಂದೇ, ಸೂರ್ಯ ಮಾತ್ರ ಒಂದು ಗಂಟೆ ಮುಂದೆ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಗಾಗುವುದು ಐದೂವರೆ ದಾಟುವ ಹೊತ್ತಿಗೆ, ಸಂಜೆ ಐದು ಗಂಟೆಗೆ ಸೂರ್ಯ ಮುಳುಗಿರುತ್ತಾನೆ, ಐದೂವರೆಗೆ ಕತ್ತಲು. ಇಲ್ಲಿಯ ಅಭ್ಯಾಸದಂತೆ ಒಂಬತ್ತಕ್ಕೆ ತಿಂಡಿ, ಹತ್ತೂವರೆಗೆ ಹೊರಟು, ಊಟ ಮಾಡಿ ಒಂದು ಕೋಳಿನಿದ್ದೆ ತೆಗೆದು ಐದೂವರೆಗೆ ತೀರಕ್ಕೆ ಹೋದರೆ ಕಾಣುವುದು ಟಾರ್ಚಿನ ಬೆಳಕು.

ಹ್ಯಾವ್‌ಲಾಕ್‌ನ ರಾಧಾನಗರ ತೀರ ಪಶ್ಚಿಮಕ್ಕೆ ಮುಖ ಮಾಡಿದೆ, ಸೂರ್ಯಾಸ್ತಕ್ಕೆ ಪ್ರಸಿದ್ಧ. ಮೂರು ಗಂಟೆಗೇ ಅಲ್ಲಿರಿ. 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದ ಅತ್ಯುತ್ತಮ ತೀರವೆಂದು ಹೊಗಳಿದ್ದು ಇದನ್ನೇ. 2020ರಲ್ಲಿ ಭಾರತಕ್ಕೆ ಮೊದಲ ಬಾರಿಗೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಬಂದಾಗ ಪಟ್ಟಿಯಲ್ಲಿದ್ದ ಎಂಟು ತೀರಗಳಲ್ಲಿ ಇದೂ ಒಂದು. ನಮ್ಮ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಅದೇ ಪಟ್ಟಿಯಲ್ಲಿದ್ದವು. ರಾಧಾನಗರದ ವಿಶೇಷ ಮರಳಿಗಿಂತ ಅದರ ಬೆನ್ನಿಗಿರುವ ಕಾಡು. ತೆಂಗಿನ ಸಾಲಿನ ಬದಲು ಮಳೆಕಾಡಿನ ದೈತ್ಯ ಮರಗಳು ನೇರ ಮರಳಿನ ಅಂಚಿಗೇ ಬಂದು ನಿಂತಿವೆ. ನಡುಮಧ್ಯಾಹ್ನವೂ ಅವುಗಳ ಕೆಳಗೆ ತಂಪು.

ಬೆಳಗಿನ ಐದಕ್ಕೆ ಏಳುವವರಿಗೆ ಪೂರ್ವದ ಕಾಲಾಪತ್ಥರ್ ತೀರ. ಹ್ಯಾವ್‌ಲಾಕ್‌ನ ಒಳದಾರಿಗಳಲ್ಲಿ ಬಾಡಿಗೆ ಸ್ಕೂಟರ್ ಹಿಡಿದು ಹೋಗುವಾಗ ಗೋವಿಂದನಗರ, ವಿಜಯನಗರ, ಕೃಷ್ಣನಗರ, ಶ್ಯಾಮನಗರ ಎಂಬ ಊರುಗಳು ಬರುತ್ತವೆ. ಅಡಿಕೆ ತೋಟ, ಬಾಳೆ, ಮೀನಿನ ಹೊಂಡ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ನೆಲೆಗೊಳಿಸಿದ ಊರುಗಳಿವು. ಊಟದಲ್ಲಿ ಸಾಸಿವೆ ಎಣ್ಣೆಯ ಘಮ ಬರುವುದು ಅದಕ್ಕೇ. ಡ್ರೈವಿಂಗ್ ಲೈಸೆನ್ಸ್ ಮರೆಯದಿರಿ, ಹೆಲ್ಮೆಟ್ ಕೇಳಿ ಪಡೆಯಿರಿ.

ಪಂಚಾಂಗ ನೋಡಿ ಹೋಗುವ ನೀಲ್

ಕರಾವಳಿಯವರಿಗೆ ಹೇಳಬೇಕಿಲ್ಲ, ಘಟ್ಟದ ಮೇಲಿನವರಿಗೆ ಹೇಳುತ್ತೇನೆ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಏರಿಳಿತ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ನೀಲ್ ದ್ವೀಪದಲ್ಲಿ ಈ ಲೆಕ್ಕ ಗೊತ್ತಿಲ್ಲದಿದ್ದರೆ ಕೈಗೆ ಸಿಗುವುದು ಅರ್ಧ ಪ್ರವಾಸ.

ಭರತಪುರ ತೀರದಲ್ಲಿ ಉಬ್ಬರದ ಹೊತ್ತಿಗೆ ಹಸಿರು ನೀಲಿ ನೀರು ಮರಳಿನ ಅಂಚಿನವರೆಗೆ ತುಂಬಿರುತ್ತದೆ. ಇಳಿತಕ್ಕೆ ಅದೇ ಜಾಗದಲ್ಲಿ ನೀರು ದೂರ ಸರಿದು, ದೋಣಿಗಳು ಮಗ್ಗುಲಾಗಿ ಮಲಗಿ, ಕಂದು ಕಲ್ಲುಹಾಸು ಬಿದ್ದಿರುತ್ತದೆ. ಫೋಟೊ ನೋಡಿ ಬಂದವರು ‘ಇದೇನಾ ಅದು?’ ಎಂದು ಮುಖ ಹುಳ್ಳಗೆ ಮಾಡುತ್ತಾರೆ. ಲಕ್ಷ್ಮಣಪುರದ ಎರಡನೇ ತೀರದಲ್ಲಿ ಇದಕ್ಕೆ ಪೂರ್ತಿ ತಿರುವು. ಅಲ್ಲಿನ ಕಲ್ಲಿನ ಕಮಾನನ್ನು ಊರಿನ ಬಂಗಾಳಿಗಳು ‘ಹೌರಾ ಬ್ರಿಜ್’ ಎನ್ನುತ್ತಾರೆ. ಅದರ ಬುಡಕ್ಕೆ ನಡೆದು ಹೋಗಲಾಗುವುದು ಇಳಿತದಲ್ಲಿ ಮಾತ್ರ. ನೀರು ಇಳಿದ ಮೇಲೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಪುಟ್ಟ ಮೀನು, ಏಡಿ, ಕಡಲ ಸೌತೆ, ಹವಳದ ಹಸಿರು ನೇರಳೆ ತುಣುಕುಗಳು. ಊರಿನ ಗೈಡ್ ಒಬ್ಬರನ್ನು ಕರೆದುಕೊಂಡು ಹೋಗಿ. ನಾವು ಬರೀ ಕಲ್ಲು ಎಂದುಕೊಂಡು ದಾಟುವಲ್ಲಿ ಅವರು ನಿಂತು, ಬಗ್ಗಿ, ಬಂಡೆಯ ಬಣ್ಣಕ್ಕೇ ತಿರುಗಿದ ಜೀವಿಯೊಂದನ್ನು ಬೆರಳು ಮಾಡಿ ತೋರಿಸುತ್ತಾರೆ. ಹವಳದ ಮೇಲೆ ಕಾಲಿಡಬೇಡಿ, ಬರಿಗಾಲಲ್ಲಂತೂ ಹೋಗಲೇಬೇಡಿ. ಪಾಚಿ ಜಾರುತ್ತದೆ, ಹವಳ ಬ್ಲೇಡಿನಷ್ಟು ಹರಿತ.

ಹಾಗಾಗಿ ನೀಲ್‌ಗೆ ಒಂದು ರಾತ್ರಿಯಾದರೂ ಕೊಡಿ. ಹ್ಯಾವ್‌ಲಾಕ್‌ನಿಂದ ಬಂದು ಮೂರು ಗಂಟೆ ಸುತ್ತಿ ಪೋರ್ಟ್ ಬ್ಲೇರ್‌ಗೆ ಹೋಗುವ ಪ್ಯಾಕೇಜಿನಲ್ಲಿ ಉಬ್ಬರವೋ ಇಳಿತವೋ ಒಂದೇ ನಿಮ್ಮ ಪಾಲಿಗೆ. ರಾತ್ರಿ ತಂಗಿದವರಿಗೆ ಎರಡೂ ಸಿಗುತ್ತದೆ. ದ್ವೀಪ ಚಿಕ್ಕದು, ಸೈಕಲ್‌ನಲ್ಲೇ ಸುತ್ತಬಹುದು. ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ ಎಂದು ಅರ್ಧ ರಾಮಾಯಣ ಅಲ್ಲೇ ಇದೆ.

ಅಮಾವಾಸ್ಯೆಗೆ ಇನ್ನೊಂದು ಲಾಭ. ಹ್ಯಾವ್‌ಲಾಕ್‌ನ ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ ರಾತ್ರಿ ಕಯಾಕ್ ಹೋದರೆ, ಹುಟ್ಟು ಹಾಕಿದಾಗಲೆಲ್ಲ ನೀರು ಮಿಣುಕುತ್ತದೆ. ಸೂಕ್ಷ್ಮಜೀವಿಗಳು ಕದಡಿದಾಗ ಹೊರಸೂಸುವ ಬೆಳಕದು. ಬೆಳದಿಂಗಳಲ್ಲಿ ಅದು ಕಣ್ಣಿಗೆ ಬೀಳದು. ಹುಣ್ಣಿಮೆಯ ದಿನವೂ ಅದನ್ನು ಮಾರುವವರಿದ್ದಾರೆ, ದುಡ್ಡು ಕೊಡುವ ಮುನ್ನ ಆಕಾಶ ನೋಡಿ.

ನೀರಿನೊಳಗೆ

ಹ್ಯಾವ್‌ಲಾಕ್‌ಗೆ ಹೋದವರಲ್ಲಿ ಬಹಳ ಜನ ಸ್ಕೂಬಾ ಮಾಡುತ್ತಾರೆ. ಈಜು ಬರದವರಿಗೂ ತರಬೇತುದಾರ ಜೊತೆಗಿದ್ದು ಆಳವಿಲ್ಲದ ಕಡೆ ಮುಳುಗಿಸುವ ವ್ಯವಸ್ಥೆ ಇದೆ. ಹತ್ತು ವರ್ಷ ದಾಟಿದ ಮಕ್ಕಳೂ ಮಾಡಬಹುದು. ಮೊದಲು ಒಂದು ಆರೋಗ್ಯದ ಫಾರಂ ಕೊಡುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭ ಇವನ್ನೆಲ್ಲ ಅದರಲ್ಲಿ ಕೇಳಿರುತ್ತದೆ. ‘ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿ ಸರ್’ ಎಂದು ಯಾರಾದರೂ ಅವಸರ ಮಾಡಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ನೆಗಡಿ ಇದ್ದರೆ ಅಂದು ಬೇಡ. ಕಿವಿಯ ಒತ್ತಡ ಸರಿದೂಗದೆ ತಮಟೆಗೆ ಪೆಟ್ಟಾಗುತ್ತದೆ.

ಇಲ್ಲಿಯೂ ಕೊನೆಯ ದಿನದ ಲೆಕ್ಕ ಬರುತ್ತದೆ. ಮುಳುಗಿದಾಗ ಮೈಯಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಒತ್ತಡ ಇಳಿದು ರಕ್ತದಲ್ಲಿ ಗುಳ್ಳೆ ಕಟ್ಟುವ ಅಪಾಯ. ಒಂದೇ ಮುಳುಗಿಗೆ ಕನಿಷ್ಠ ಹನ್ನೆರಡು ಗಂಟೆ, ಹೆಚ್ಚಾದರೆ ಹದಿನೆಂಟು ಗಂಟೆ ಬಿಡಬೇಕೆಂಬುದು ಮುಳುಗುಗಾರರ ನಿಯಮ. ಒಂದು ಪೂರ್ತಿ ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಸ್ಕೂಬಾವನ್ನು ಹ್ಯಾವ್‌ಲಾಕ್‌ನ ಮೊದಲ ಬೆಳಿಗ್ಗೆಗೇ ಇಡಿ. ಮಳೆ ಬಂದು ತಪ್ಪಿದರೂ ಮರುದಿನ ಕೈಯಲ್ಲಿರುತ್ತದೆ.

ಸ್ಕೂಬಾ ಒಂದಕ್ಕೇ ಇಷ್ಟು ದೂರ ಹೋಗುತ್ತಿದ್ದರೆ ಒಮ್ಮೆ ಯೋಚಿಸಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತಲೂ ಮುಳುಗಿಸುತ್ತಾರೆ, ಡಿಸೆಂಬರ್ ಅಲ್ಲಿಯೂ ಹಂಗಾಮು. ಹವಳದ ವೈಭವ ಅಂಡಮಾನ್‌ನದು ಹೆಚ್ಚು; ಆದರೆ ಮೊದಲ ಸಲದ ಪುಕ್ಕಲು ಬಿಡಿಸಲು ನೇತ್ರಾಣಿ ಸಾಕು. ಅಲ್ಲಿ ಒಮ್ಮೆ ಮುಳುಗಿ ಬಂದವರು ಹ್ಯಾವ್‌ಲಾಕ್‌ನಲ್ಲಿ ಉಸಿರಾಟದ ಗಡಿಬಿಡಿ ಬಿಟ್ಟು ಮೀನು ನೋಡುತ್ತಾರೆ.

ನೀರಿನ ಮೇಲೆಯೇ ತೇಲುತ್ತಾ ನೋಡುವ ಸ್ನಾರ್ಕೆಲಿಂಗ್‌ಗೆ ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್. ಜೆಟ್ಟಿಯಿಂದ ದೋಣಿಯಲ್ಲಿ ಅಥವಾ ಕಾಡಿನ ಕಾಲುದಾರಿಯಲ್ಲಿ ಹೋಗಬೇಕು. 2004ರ ಸುನಾಮಿಗೆ ಸತ್ತ ಮರಗಳ ಬೋಳು ಕಾಂಡಗಳು ಇಂದಿಗೂ ಅಲ್ಲಿವೆ. ರಜೆಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ಅದು ಜಾತ್ರೆ. ಜನ ಕಡಿಮೆ ಇರುವ ಹವಳ ಬೇಕೆಂದರೆ ಪೋರ್ಟ್ ಬ್ಲೇರ್ ಬಳಿಯ ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಹೋಗಿ. ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗಿನ ಅದನ್ನು ವರ್ಷದ ಕೆಲವು ತಿಂಗಳು ಮಾತ್ರ ತೆರೆದು, ಮಳೆಗಾಲದಲ್ಲಿ ರೆಡ್ ಸ್ಕಿನ್ ದ್ವೀಪಕ್ಕೆ ಬಿಡುತ್ತಾರೆ. ಮೊದಲೇ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಬ್ಯಾಗು ಬಿಚ್ಚಿಸಿ ನೋಡುತ್ತಾರೆ, ಚಿಪ್ಸ್ ಪೊಟ್ಟಣ ಕೂಡ ಹೊರಗೆ.

ಮೊಸಳೆಯ ಎಚ್ಚರಿಕೆಯ ಬೋರ್ಡುಗಳನ್ನು ಅಲಂಕಾರ ಎಂದುಕೊಳ್ಳಬೇಡಿ. ಅಂಡಮಾನ್‌ನ ಹಿನ್ನೀರುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಬಳಿಯೇ ಸ್ನಾರ್ಕೆಲ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಜೀವರಕ್ಷಕರು ಇರುವ, ಬಲೆ ಹಾಕಿದ ಜಾಗದಲ್ಲಿ ಹಗಲಿನಲ್ಲಿ ಮಾತ್ರ ಇಳಿಯಿರಿ. ತೊರೆ ಕಡಲಿಗೆ ಸೇರುವ ಮೂಲೆಗಳಿಂದ ದೂರವಿರಿ.

ಬಾರಾಟಾಂಗ್ ಬಿಟ್ಟರೆ ನಷ್ಟವಿಲ್ಲ

ಪ್ರತಿ ಪ್ಯಾಕೇಜಿನಲ್ಲೂ ಬಾರಾಟಾಂಗ್‌ನ ಸುಣ್ಣದ ಕಲ್ಲಿನ ಗುಹೆ, ಮಣ್ಣಿನ ಜ್ವಾಲಾಮುಖಿ ಇರುತ್ತದೆ. ಕಾಂಡ್ಲಾ ಮರಗಳು ಕಮಾನು ಕಟ್ಟಿದ ಕಾಲುವೆಯ ದೋಣಿ ಪ್ರಯಾಣ ಸೊಗಸು, ಸುಳ್ಳಲ್ಲ. ಆದರೆ ರಸ್ತೆಯಲ್ಲಿ ಹೋಗಬೇಕೆಂದರೆ ನಸುಕಿನ ಮೂರಕ್ಕೆ ಎದ್ದು ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಕಾನ್‌ವಾಯ್‌ಗೆ ಸಾಲು ನಿಲ್ಲಬೇಕು. ಆ ರಸ್ತೆ ಹಾದುಹೋಗುವುದು ಜಾರವಾ ಬುಡಕಟ್ಟಿನ ಕಾಯ್ದಿಟ್ಟ ಕಾಡಿನ ನಡುವೆ. ವಾಹನ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಿನ್ನಲು ಕೊಡುವಂತಿಲ್ಲ. 1956ರ ಬುಡಕಟ್ಟು ರಕ್ಷಣಾ ಕಾನೂನಿನಡಿ ಇವೆಲ್ಲ ಶಿಕ್ಷಾರ್ಹ. ಸುಪ್ರೀಂ ಕೋರ್ಟ್ 2002ರಲ್ಲೇ ಆ ರಸ್ತೆಯ ಭಾಗವನ್ನು ಮುಚ್ಚಲು ಹೇಳಿತ್ತು, 2013ರಲ್ಲಿ ಪ್ರವಾಸಿಗರಿಗೆ ಕೆಲ ಕಾಲ ತಡೆಯನ್ನೂ ಹಾಕಿತ್ತು. ಆದರೂ ‘ಅದೃಷ್ಟ ಇದ್ದರೆ ಜಾರವಾ ಕಾಣ್ತಾರೆ ಸರ್’ ಎಂದು ಡ್ರೈವರ್‌ಗಳು ಪಿಸುಗುಟ್ಟುವುದುಂಟು. ಹುಲಿ ಸಫಾರಿಯ ಮಾತನ್ನು ಮನುಷ್ಯರ ಬಗ್ಗೆ ಆಡುವ ಆ ಸಾಲಿನಲ್ಲಿ ಕೂರಲು ನನಗೆ ಮನಸ್ಸಿಲ್ಲ. ಆ ಒಂದು ದಿನವನ್ನು ನೀಲ್‌ಗೋ ಜಾಲಿ ಬಾಯ್‌ಗೋ ಕೊಡಿ.

ಊಟ, ದುಡ್ಡು, ಫೋನು

ಸಸ್ಯಾಹಾರಿಗಳಿಗೆ ಭಯವಿಲ್ಲ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ತೆಲುಗರು ಬಹಳ, ಅಬರ್ಡೀನ್ ಬಜಾರಿನ ಸುತ್ತ ಇಡ್ಲಿ ದೋಸೆ ಧಾರಾಳ. ಹ್ಯಾವ್‌ಲಾಕ್, ನೀಲ್‌ನಲ್ಲೂ ಅನ್ನ ದಾಲ್ ಸಬ್ಜಿಯ ಥಾಲಿ ಸಿಗುತ್ತದೆ. ನೀಲ್‌ನಲ್ಲಿ ತರಕಾರಿ ಬೆಳೆಯುತ್ತಾರೆ. ರಾತ್ರಿ ಬೇಗ ಅಡುಗೆಮನೆ ಮುಚ್ಚುತ್ತಾರೆ, ಎಂಟರೊಳಗೆ ಊಟ ಮುಗಿಸಿ. ವ್ಯವಹಾರಕ್ಕೆ ಹಿಂದಿ ಸಾಕು.

2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಆದರೂ ಚಿಕ್ಕ ದ್ವೀಪಗಳಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಯುಪಿಐ ಕೆಲಸಕ್ಕೆ ಬರದು, ಎಟಿಎಂಗಳು ಬೆರಳೆಣಿಕೆಯಷ್ಟು. ಎರಡು ದಿನದ ಖರ್ಚಿನ ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಟಿಕೆಟ್‌ಗಳನ್ನು ಫೋನಿನಲ್ಲಿ ಇಳಿಸಿಕೊಳ್ಳಿ, ಒಂದು ಕಾಗದದ ಪ್ರತಿಯೂ ಇರಲಿ. ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲಿ ಮಾತ್ರ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ, ಕೈಚೀಲದಲ್ಲೇ ಇಡಿ. ಹಡಗು ರದ್ದಾದರೆ ಆ ಎರಡು ದಿನ ಲೆಕ್ಕಕ್ಕೆ ಬರುತ್ತದೆ.

ತೀರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣಗಳು ಕಾಲಿಗೆ ಕಚ್ಚುತ್ತವೆ. ಕಚ್ಚಿದ್ದು ಗೊತ್ತಾಗುವುದು ರಾತ್ರಿ, ತುರಿಕೆ ವಾರವಿಡೀ. ಮಂಡಿಯ ಕೆಳಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚಿ, ಒದ್ದೆ ಮರಳಿನ ಮೇಲೆ ಬರಿಮೈಯಲ್ಲಿ ಒರಗಬೇಡಿ.

ವಿದೇಶಿ ಪಾಸ್‌ಪೋರ್ಟ್ ಇರುವ ಮಗಳು ಅಳಿಯ ಅಮೆರಿಕದಿಂದ ಬಂದು ಜೊತೆಗೂಡುವುದಾದರೆ ಅವರ ಅನುಮತಿಯ ನಿಯಮ ಬೇರೆ, ಹೊರಡುವ ಮುನ್ನ ಅಂಡಮಾನ್ ಆಡಳಿತದ ಜಾಲತಾಣದಲ್ಲಿ ನೋಡಿಕೊಳ್ಳಲಿ. ಭಾರತೀಯರಿಗೆ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್‌ಗೆ ಪರ್ಮಿಟ್ ಬೇಡ. ನಿಕೋಬಾರ್‌ನ ನಿಯಮ ಮಾತ್ರ ಬೇರೆ.

ಕೊನೆಯ ದಿನದ ಪೋರ್ಟ್ ಬ್ಲೇರ್

ಆ ಕೊನೆಯ ದಿನ ಸೆಲ್ಯುಲರ್ ಜೈಲಿಗೆ ರಜೆ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ನಡುವಿನ ಗೋಪುರದಿಂದ ಏಳು ರೆಕ್ಕೆಗಳು ಹೊರಟಿದ್ದವು, ಉಳಿದಿರುವುದು ಮೂರು. ಒಂದು ರೆಕ್ಕೆಯ ಬಾಗಿಲುಗಳು ಮುಂದಿನ ರೆಕ್ಕೆಯ ಬೆನ್ನಿಗೆ ಮುಖ ಮಾಡಿವೆ, ಒಬ್ಬ ಕೈದಿಗೆ ಇನ್ನೊಬ್ಬ ಕಾಣಬಾರದೆಂದು. ಕೋಣೆಯೊಳಗೆ ಹೋಗಿ ನಿಂತು ಬಾಗಿಲಿನ ಚಿಲಕ ಗಮನಿಸಿ. ಕಂಬಿಯಿಂದ ಕೈ ಎಷ್ಟು ಚಾಚಿದರೂ ಎಟುಕದಷ್ಟು ದೂರ, ಗೋಡೆಯ ಗೂಡಿನೊಳಗೆ ಅದನ್ನು ಕೂರಿಸಿದ್ದಾರೆ. ಮಕ್ಕಳಿಗೆ ಇಡೀ ಜೈಲಿನ ಕಥೆ ಆ ಒಂದು ಚಿಲಕದಲ್ಲಿ ಅರ್ಥವಾಗುತ್ತದೆ. ಸಂಜೆಯ ಧ್ವನಿ ಬೆಳಕಿನ ಪ್ರದರ್ಶನಕ್ಕೆ ರಜೆಯ ದಿನಗಳಲ್ಲಿ ಟಿಕೆಟ್ ಮೊದಲೇ ತೆಗೆದಿಡಬೇಕು.

ಬೆಳಿಗ್ಗೆ ಬಿಡುವಿದ್ದರೆ ರಾಸ್ ದ್ವೀಪಕ್ಕೆ ಹೋಗಿ ಬನ್ನಿ, ದೋಣಿ ಹತ್ತಿ ಇಳಿಯುವಷ್ಟೇ ದೂರ. ಬ್ರಿಟಿಷರ ಕಾಲದ ಚರ್ಚು, ಬೇಕರಿ, ಬಂಗಲೆಗಳ ಗೋಡೆಯನ್ನು ಆಲದ ಜಾತಿಯ ಮರಗಳ ಬೇರು ಹಿಡಿದು ನಿಂತಿದೆ. ಪಕ್ಕದ ನಾರ್ತ್ ಬೇಯ ದೀಪಸ್ತಂಭ ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದದ್ದು. ಮನೆಯಲ್ಲಿ ಒಂದು ನೋಟಿದ್ದರೆ ಜೊತೆಗೆ ಒಯ್ಯಿರಿ, ಹೋಲಿಸಿ ನೋಡಬಹುದು.

ಪೆಟ್ಟಿಗೆ ಕಟ್ಟುವಾಗ ಮಕ್ಕಳ ಜೇಬು, ಚಪ್ಪಲಿ ಚೀಲ ಎಲ್ಲ ಒಮ್ಮೆ ಕೊಡವಿ. ತೀರದಲ್ಲಿ ಆರಿಸಿದ ಹವಳದ ತುಂಡು, ಸತ್ತದ್ದಾದರೂ ಸರಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಒಯ್ಯುವಂತಿಲ್ಲ. ಕೆಲವು ಜಾತಿಯ ಶಂಖ, ಕಪ್ಪೆಚಿಪ್ಪುಗಳಿಗೂ ಅದೇ ನಿಯಮ. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಪೆಟ್ಟಿಗೆ ಬಿಚ್ಚಿಸುತ್ತಾರೆ. ಚಿಪ್ಪಿನ ಸಾಮಾನು ಬೇಕೇ ಬೇಕೆಂದರೆ ಸರ್ಕಾರಿ ಮಳಿಗೆ ‘ಸಾಗರಿಕಾ’ದಲ್ಲಿ ಕೊಂಡು, ಬಿಲ್ಲನ್ನು ಪೆಟ್ಟಿಗೆಯೊಳಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.